ಕಡತ ಯಾರ ಕೈಯಲ್ಲಿದೆ?

ಹಳೆಯ ಮೈಸೂರಿನ ಗ್ರಾಮಜೀವನವನ್ನು ಬಲ್ಲವರಿಗೆ ಶಾನುಭೋಗನ ಪರಿಚಯ ಮಾಡಿಕೊಡಬೇಕಾಗಿಲ್ಲ. ಪಟೇಲನಿಗೆ ಅಧಿಕಾರವಿತ್ತು, ಶಾನುಭೋಗನಿಗೆ ಅರಿವಿತ್ತು. ಯಾವ ಹೊಲ ಯಾರದು, ಯಾರ ಕಂದಾಯ ಬಾಕಿ, ಯಾರ ತೋಟ ಯಾರಿಗೆ ಭೋಗ್ಯವಾಗಿದೆ, ಯಾವ ಮನೆಯ ಅಣ್ಣತಮ್ಮಂದಿರು ಪಾಲಾಗುವ ಹವಣಿಕೆಯಲ್ಲಿದ್ದಾರೆ ಎಂಬುದೆಲ್ಲ ಅವನ ಕಡತದಲ್ಲಿ ಇಲ್ಲವೆ ತಲೆಯಲ್ಲಿ ಇರುತ್ತಿತ್ತು. ಊರಿನ ನೆಮ್ಮದಿ ಎಷ್ಟೋ ವೇಳೆ ಆ ಒಬ್ಬ ಮನುಷ್ಯನ ಶೀಲವನ್ನು ಅವಲಂಬಿಸಿತ್ತು. ಒಳ್ಳೆಯ ಶಾನುಭೋಗ ಕಂಡದ್ದನ್ನು ಬರೆದು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಕೆಟ್ಟವನು ಒಂದು ಗೆರೆ ತಿದ್ದಿ ಒಂದು ಸಂಸಾರವನ್ನೇ ಬೀದಿಗೆ ತರಬಲ್ಲವನಾಗಿದ್ದ. ಇಂದು ನಾನು ಹೇಳಹೊರಟಿರುವುದು ನಮ್ಮ ಕಾಲದ ಶಾನುಭೋಗನ ವಿಚಾರ. ಅವನು ಮನುಷ್ಯನಲ್ಲ, ನಮ್ಮ ಗಣಕಯಂತ್ರದ ಒಳಗೆ, ಅಂಗೈಯ ಮೊಬೈಲಿನ ಒಳಗೆ ಕುಳಿತಿರುವ ಒಂದು ವ್ಯವಸ್ಥೆ.

ಇದನ್ನು ಎಲ್ಲರೂ ಆಪರೇಟಿಂಗ್ ಸಿಸ್ಟಂ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎಂಬ ಮಾತು ರೂಢಿಗೆ ಬಂದಿದೆ. ಯಂತ್ರದಲ್ಲಿ ನಾವು ಬಳಸುವ ಆ್ಯಪುಗಳೆಲ್ಲ ಅರ್ಜಿದಾರರಿದ್ದಂತೆ. ಒಂದಕ್ಕೆ ಕ್ಯಾಮೆರಾ ಬೇಕು, ಇನ್ನೊಂದಕ್ಕೆ ನಮ್ಮ ಪರಿಚಿತರ ಪಟ್ಟಿ ಬೇಕು, ಮತ್ತೊಂದಕ್ಕೆ ನಾವು ಈಗ ಯಾವ ಬೀದಿಯಲ್ಲಿದ್ದೇವೆ ಎಂಬುದು ತಿಳಿಯಬೇಕು. ಈ ಅರ್ಜಿಗಳನ್ನೆಲ್ಲ ನೋಡಿ, ಕೊಡತಕ್ಕದ್ದನ್ನು ಕೊಟ್ಟು, ಕೊಡಬಾರದ್ದನ್ನು ತಡೆದು, ನಡೆದದ್ದನ್ನು ಬರೆದಿಡುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಅರ್ಜಿದಾರನೊಬ್ಬ ಕೆಟ್ಟವನಾದರೆ ವ್ಯವಸ್ಥೆ ಅವನನ್ನು ಬಾಗಿಲಲ್ಲೇ ನಿಲ್ಲಿಸಬಹುದು. ವ್ಯವಸ್ಥೆಯೇ ಕೆಟ್ಟರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ಇಲ್ಲಿಗೆ ಅಕ್ಷರಶಃ ಒಪ್ಪುತ್ತದೆ.

ನಾನಿರುವುದು ಯಡಿಯೂರಿನಲ್ಲಿ. ಜಯನಗರಕ್ಕೂ ಬನಶಂಕರಿಗೂ ನಡುವೆ ಸಿಕ್ಕಿಕೊಂಡಿರುವ ಈ ಪ್ರದೇಶ, ಹೆಸರೇ ಹೇಳುವಂತೆ, ಒಂದಾನೊಂದು ಕಾಲಕ್ಕೆ ಊರಾಗಿತ್ತು. 1948ರಲ್ಲಿ ಆರಂಭವಾದ ಜಯನಗರ ಬಡಾವಣೆ ಬೆಳೆಬೆಳೆಯುತ್ತ ಸುತ್ತಣ ಹಳ್ಳಿಗಳನ್ನು ನಗರದೊಳಗೆ ಸೇರಿಸಿಕೊಂಡಿತು. ಹೆಸರೂ ಕೆರೆಯೂ ಉಳಿದವು. ಈಗ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವ ನಿವೃತ್ತರ ಜೇಬಿನಲ್ಲೆಲ್ಲ ಒಂದೊಂದು ಮೊಬೈಲಿದೆ. ಪಿಂಚಣಿಯ ಲೆಕ್ಕ, ಬ್ಯಾಂಕಿನ ಬೀಗದ ಕೈ, ರಕ್ತಪರೀಕ್ಷೆಯ ವರದಿ, ದೂರದೇಶದ ಮಕ್ಕಳೊಡನೆ ಆಡಿದ ಮಾತು, ಹೀಗೆ ಹಿಂದಿನ ಯಾವ ಶಾನುಭೋಗನ ಕಡತಕ್ಕೂ ಏರದಿದ್ದ ಸಂಗತಿಗಳು ಅದರೊಳಗಿವೆ. ಹೊಸದನ್ನು ಕೊಳ್ಳುವಾಗ “ಯಾವುದು ಕೊಳ್ಳಲಿ ಸಾರ್?” ಎಂದು ನನ್ನನ್ನು ಕೇಳುವವರುಂಟು. ಬೆಲೆಯನ್ನು ಕೇಳುತ್ತಾರೆ, ಕ್ಯಾಮೆರಾವನ್ನು ಕೇಳುತ್ತಾರೆ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳುತ್ತಾರೆ. ಇದರ ಕಡತ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಈ ವ್ಯವಸ್ಥೆಗಳ ಚರಿತ್ರೆಯಲ್ಲೇ ಇದೆ.

ಚರಿತ್ರೆ ನಮ್ಮಲ್ಲೂ ಅಮೆರಿಕದಲ್ಲೂ ಒಂದೇ ವರ್ಷ ತಿರುವು ಕಂಡದ್ದು ಸ್ವಾರಸ್ಯವಾಗಿದೆ. 1961ರಲ್ಲಿ ಮೈಸೂರು ರಾಜ್ಯ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆಯನ್ನು ಮಾಡಿತು. ಶಾನುಭೋಗನ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ಅದೇ 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಎಂಬ ವಿದ್ವಾಂಸರ ತಂಡ ಒಂದೇ ಗಣಕಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿತು. ಯಂತ್ರ ಒಂದು, ಬಳಸುವವರು ಹಲವರು ಎಂದಮೇಲೆ ಒಬ್ಬರ ಕಾಗದ ಇನ್ನೊಬ್ಬರ ಕಣ್ಣಿಗೆ ಬೀಳಬಾರದಲ್ಲವೆ? ಗಣಕಯಂತ್ರದ ಪಾಸ್‌ವರ್ಡ್ ಹುಟ್ಟಿದ್ದು ಅಲ್ಲಿ, ಆ ಅಗತ್ಯದಿಂದ. ಕೆಲವೇ ವರ್ಷಗಳಲ್ಲಿ ಒಂದು ಅವಘಡವೂ ಆಯಿತು. ದಿನದ ಸೂಚನೆಯನ್ನು ಎಲ್ಲರಿಗೂ ತೋರಿಸಬೇಕಾಗಿದ್ದ ಯಂತ್ರ, ಎರಡು ಕಡತಗಳು ಅದಲುಬದಲಾದುದರಿಂದ, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಎಲ್ಲರ ಮುಂದೆ ಅಚ್ಚು ಮಾಡಿತು. ಬೀಗ ಹುಟ್ಟಿದ ಮನೆಯಲ್ಲೇ ಬೀಗದ ಕೈಗಳ ಗೊಂಚಲು ಬೀದಿಗೆ ಬಿತ್ತು. ಯಂತ್ರಕ್ಕೆ ಕೆಟ್ಟ ಬುದ್ಧಿ ಇರಬೇಕೆಂದೇನೂ ಇಲ್ಲ, ಅಜಾಗರೂಕತೆಯೊಂದೇ ಸಾಕು ಎಂಬ ಪಾಠ ಅಂದೇ ದೊರೆಯಿತು.

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಪ್ರತಿಯೊಂದು ಕಡತಕ್ಕೂ ಒಡೆಯನೊಬ್ಬನಿರಬೇಕು, ಅದನ್ನು ಓದುವವರು ಯಾರು, ತಿದ್ದುವವರು ಯಾರು ಎಂಬುದು ಅದರ ಮೇಲೇ ನಮೂದಾಗಿರಬೇಕು ಎಂಬ ಶಿಸ್ತು ಅದರಿಂದ ಬಳಕೆಗೆ ಬಂದಿತು. ಆದರೆ ಮೇಜಿನ ಮೇಲಿಡುವ ಪರ್ಸನಲ್ ಕಂಪ್ಯೂಟರು ಮಾರುಕಟ್ಟೆಗೆ ಬಂದಾಗ ಈ ಶಿಸ್ತನ್ನು ಬದಿಗಿಟ್ಟರು. ಒಬ್ಬನೇ ಬಳಸುವ ಯಂತ್ರಕ್ಕೆ ಚಿಲಕವೇಕೆ ಎಂಬುದು ಅಂದಿನ ವಾದ. ಒಂಟಿ ಮನೆಗೆ ಆ ವಾದ ಸರಿ. ಮುಂದೆ ಇಂಟರ್‌ನೆಟ್ಟು ಬಂದು ಆ ಒಂಟಿ ಮನೆಗಳೆಲ್ಲ ಒಂದೇ ಬೀದಿಗೆ ಬಾಗಿಲು ತೆರೆದಾಗ ಚಿಲಕವಿಲ್ಲದ ಬಾಗಿಲುಗಳು ಲಕ್ಷಗಟ್ಟಲೆ ಕಂಡುಬಂದವು. ಊರು ಕೊಳ್ಳೆ ಹೋದಮೇಲೆ ಕೋಟೆಯ ಬಾಗಿಲು ಹಾಕುವ ಕೆಲಸದಲ್ಲಿ ಜಗತ್ತು ಎರಡು ದಶಕಗಳನ್ನು ಕಳೆಯಿತು.

ಈ ನಡುವೆ ಕಡತದ ವಿಷಯವಾಗಿ ಎರಡು ಪಂಥಗಳು ಏರ್ಪಟ್ಟಿದ್ದವು. ವ್ಯವಸ್ಥೆಯ ಒಳಬರೆಹ ಅದನ್ನು ತಯಾರಿಸಿದ ಕಂಪನಿಯ ಗುಟ್ಟು, ಕೊಂಡವನು ಬಳಸಬಹುದೇ ಹೊರತು ತೆರೆದು ನೋಡಕೂಡದು ಎಂಬುದು ಒಂದು. ನನ್ನ ಯಂತ್ರದಲ್ಲಿ ಏನು ನಡೆಯುತ್ತಿದೆ ಎಂದು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು ನನಗಿರಬೇಕು ಎಂಬುದು ಇನ್ನೊಂದು. ಈ ಎರಡನೆಯ ಮತವನ್ನು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಒಂದು ಚಳವಳಿಯಾಗಿ ರೂಪಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಆ ಚಳವಳಿಗೆ ಬೇಕಾಗಿದ್ದ ತಿರುಳನ್ನು ಒದಗಿಸಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಶಾನುಭೋಗನ ಕಡತ ಗಣಕಯಂತ್ರದೊಳಗೆ ಹೋದ ಪ್ರಸಂಗ ಕರ್ನಾಟಕದಲ್ಲೇ ನಡೆಯಿತು. ಶತಮಾನ ತಿರುಗಿದ ಹೊತ್ತಿಗೆ ರಾಜ್ಯ ಸರ್ಕಾರ ಭೂಮಿ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ, ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಗಣಕಯಂತ್ರಗಳಿಗೆ ಸೇರಿಸಿತು. 15 ರೂಪಾಯಿ ಕೊಟ್ಟ ರೈತನಿಗೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರೆಹದ ಪಹಣಿಗೆ ಮಾನ್ಯತೆ ಹೋಯಿತು. ಇದರಲ್ಲಿ ನನಗೆ ಮುಖ್ಯವಾಗಿ ತೋರುವುದು ಅಚ್ಚಿನ ಅಂದವಲ್ಲ. ಕಡತವನ್ನು ತಿದ್ದುವ ಅಧಿಕಾರಿ ಮೊದಲು ತನ್ನ ಬೆರಳಗುರುತು ಕೊಡಬೇಕು, ಕೊಟ್ಟಮೇಲೆ ಆ ತಿದ್ದುಪಡಿ ನನ್ನದಲ್ಲ ಎನ್ನಲು ಬರಬಾರದು ಎಂಬ ಏರ್ಪಾಡು ಅದರಲ್ಲಿತ್ತು. ಮನುಷ್ಯನ ಶೀಲವನ್ನು ನೆಚ್ಚಿದ್ದ ಜಾಗದಲ್ಲಿ ಲೆಕ್ಕ ಒಪ್ಪಿಸುವ ಕ್ರಮವೊಂದು ಬಂದಿತು. ಬರೆದವನಾರು ಎಂಬುದು ಹೀಗೆ ಗೊತ್ತಾಯಿತು. ಜನಸಾಮಾನ್ಯನ ಸ್ವಂತ ಸಂಗತಿಯನ್ನು ಅವನ ಕೈಯಲ್ಲೇ ಇಡುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು.

ಆ ಪ್ರಶ್ನೆಗೆ ಉತ್ತರ ಹುಡುಕಿದವರೂ ಬೆಂಗಳೂರಿನಲ್ಲೇ ಇದ್ದರು. 1998ರಲ್ಲಿ ಇಲ್ಲಿ ನಡೆದ ಒಂದು ವಿಚಾರ ಸಂಕಿರಣದ ಫಲವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಒಂದು ಅಂಗೈ ಗಣಕವನ್ನು ಕಲ್ಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಅದರ ಹೆಸರು ಸಿಂಪ್ಯೂಟರ್. ಅದರ ಕಾರ್ಯಾಚರಣ ವ್ಯವಸ್ಥೆ ಯಾರು ಬೇಕಾದರೂ ತೆರೆದು ಓದಬಹುದಾದ ಲಿನಕ್ಸ್. ಅದು ಕನ್ನಡ ಬರೆಹವನ್ನು ಓದಿ ಹೇಳಬಲ್ಲದಾಗಿತ್ತು. ಗುರಿಯಾಗಿಟ್ಟುಕೊಂಡ ಬೆಲೆ ಸುಮಾರು 9,000 ರೂಪಾಯಿ.

ಅಷ್ಟು ಹಣವೂ ಬಡವನಿಗೆ ಹೆಚ್ಚೇ ಎಂಬುದು ಅದನ್ನು ಕಲ್ಪಿಸಿದವರಿಗೆ ಗೊತ್ತಿತ್ತು. ಆದ್ದರಿಂದ ಹಳ್ಳಿಗೆ ಒಂದೆರಡು ಯಂತ್ರಗಳಿರಲಿ, ಪಂಚಾಯತಿಯೋ ಶಾಲೆಯೋ ಅಂಗಡಿಯವನೋ ಅದನ್ನು ಇಟ್ಟುಕೊಂಡು ಬಾಡಿಗೆಗೆ ಕೊಡಲಿ ಎಂದು ಯೋಚಿಸಿದರು. ಹಾಗಾದರೆ ಒಬ್ಬನ ಗುಟ್ಟು ಇನ್ನೊಬ್ಬನಿಗೆ ತಿಳಿಯದೆ? ಅದಕ್ಕೆ ಅವರು ಕಂಡುಕೊಂಡ ಉಪಾಯ ಸ್ಮಾರ್ಟ್ ಕಾರ್ಡು. ಪ್ರತಿಯೊಬ್ಬನಿಗೂ ತನ್ನದೇ ಒಂದು ಕಾರ್ಡು. ಅವನ ಸ್ವಂತ ವಿವರಗಳೆಲ್ಲ ಆ ಕಾರ್ಡಿನಲ್ಲಿ. ಕಾರ್ಡು ತೂರಿಸಿದರೆ ಯಂತ್ರ ಅವನದು, ತೆಗೆದರೆ ಬೇರೆಯವರದು. ಯಂತ್ರ ಊರಿನದು, ಕಡತ ಅವರವರ ಜೇಬಿನದು. ಹಣವಿಲ್ಲದವನಿಗೂ ಗೌಪ್ಯವೆಂಬುದು ಬೇಕು, ಅದನ್ನು ಯಂತ್ರದ ವಿನ್ಯಾಸದಲ್ಲೇ ಸೇರಿಸಬೇಕು ಎಂಬ ಈ ಭಾವನೆಯನ್ನು ನೆನೆದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಭೂಮಿ ಯೋಜನೆಯಲ್ಲಿ ಗ್ರಾಮಲೆಕ್ಕಿಗರು ಬೆಳೆಯ ವಿವರಗಳನ್ನು ಹೊಲದ ಬದುವಿನಲ್ಲೇ ನಮೂದಿಸಲು ಸಿಂಪ್ಯೂಟರನ್ನು ಬಳಸಿದ್ದುಂಟು. ಶಾನುಭೋಗನ ಉತ್ತರಾಧಿಕಾರಿಯ ಕೈಗೆ ಬೆಂಗಳೂರಿನಲ್ಲೇ ರೂಪುಗೊಂಡ ಯಂತ್ರವೊಂದು ಹೀಗೆ ಬಂದಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೂ ಬಂತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಅದನ್ನು ಕಡೆಗಣಿಸಿದೆವೆಂದು ಹೇಳಿ ಮುಗಿಸುವುದು ಸುಲಭ, ಪೂರ್ತಿ ನ್ಯಾಯವಲ್ಲ. ಮೊಬೈಲುಗಳ ಬೆಲೆ ವೇಗವಾಗಿ ಇಳಿಯುತ್ತಿತ್ತು, ಜನರಿಗೆ ಮೊದಲು ಬೇಕಾದದ್ದು ಮಾತನಾಡುವ ಸಾಧನ, ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲಿಲ್ಲ. ಒಳ್ಳೆಯ ವಿಚಾರವೊಂದೇ ಮಾರುಕಟ್ಟೆಯಲ್ಲಿ ನಿಲ್ಲಲಾರದು.

ಸಿಂಪ್ಯೂಟರು ಮರೆಯಾದ ಜಾಗದಲ್ಲಿ 2007ರಲ್ಲಿ ಐಫೋನ್ ಬಂತು, 2008ರಲ್ಲಿ ಮೊದಲ ಆಂಡ್ರಾಯ್ಡ್ ಮೊಬೈಲು ಬಂತು. ಆಂಡ್ರಾಯ್ಡಿನ ತಿರುಳು ಅದೇ ಲಿನಕ್ಸ್. ಆದರೆ ತಿರುಳು ಮುಕ್ತವಾಗಿದ್ದರೂ ಅದರ ಮೇಲೆ ಹೊದಿಸಿದ ಗೂಗಲ್ ಸೇವೆಗಳು ಮುಕ್ತವಲ್ಲ. ಆ ಕಂಪನಿಯ ವರಮಾನದ ಬಹುಪಾಲು ಜಾಹೀರಾತಿನದು, ಜಾಹೀರಾತಿಗೆ ಬೇಕಾದದ್ದು ಗಿರಾಕಿಯ ವಿಚಾರ. ಸಿಂಪ್ಯೂಟರಿನಲ್ಲಿ ಜೇಬಿಗೆ ಮರಳುತ್ತಿದ್ದ ಕಡತ ಈಗ ಸಮುದ್ರದಾಚೆಯ ಉಗ್ರಾಣಕ್ಕೆ ಪ್ರತಿಯಾಗಿ ಹೋಗತೊಡಗಿತು. 2021ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಅಳೆದು ನೋಡಿದಾಗ, ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದ ಆಂಡ್ರಾಯ್ಡ್ ಮೊಬೈಲೂ ಐಫೋನೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ಕಂಪನಿಗೆ ವರದಿ ಕಳಿಸುತ್ತಿದ್ದುದು ಕಂಡುಬಂತು. ಆ ವರದಿಗಳಲ್ಲಿ ಕೆಲವು ಯಂತ್ರದ ಆರೋಗ್ಯಕ್ಕೆ ಬೇಕಾದವೇ ಇರಬಹುದು. ಒಡೆಯನನ್ನು ಕೇಳದೆ ಹೋಗುತ್ತಿದ್ದವು ಎಂಬುದು ಮಾತ್ರ ಯೋಚಿಸತಕ್ಕ ವಿಷಯ.

ಈ ಕಾಲದಲ್ಲೇ ಗೌಪ್ಯವು ಒಂದು ಹಕ್ಕೆಂಬ ಮಾತು ನ್ಯಾಯಾಲಯದ ಮೆಟ್ಟಿಲೇರಿತು. ಅದನ್ನು ಏರಿಸಿದವರೂ ಕನ್ನಡನಾಡಿನವರೇ: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಗೌಪ್ಯವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿಗೇ ಅಂಟಿಕೊಂಡು ಉಳಿದಿದೆ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯೊಂದನ್ನೂ ಮಾಡಿತು. ಆದರೆ ಹಕ್ಕನ್ನು ಬರೆದದ್ದು ಕಾಗದದ ಮೇಲೆ, ಕಡತವಿರುವುದು ಯಂತ್ರದಲ್ಲಿ. ಬಾಗಿಲಿಗೆ ಬೀಗ ಹಾಕಿಕೊಳ್ಳುವ ಹಕ್ಕು ನಿಮಗಿದೆ ಎಂದು ನ್ಯಾಯಾಲಯ ಹೇಳಬಹುದು. ಬೀಗವನ್ನು ಆರಿಸಿ ಹಾಕಿಕೊಳ್ಳಬೇಕಾದವರು ನಾವು.

ಆರಿಸುವುದು ಹೇಗೆ? ಇತ್ತೀಚಿನ ಮೂರು ಘಟನೆಗಳು ಮೂರು ಪಾಠಗಳನ್ನು ಕಲಿಸುತ್ತವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಸುಮಾರು 150 ದೇಶಗಳ ವಿಂಡೋಸ್ ಯಂತ್ರಗಳನ್ನು ಒತ್ತೆ ಹಿಡಿಯಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳು ಮೊದಲೇ ಮದ್ದು ಕೊಟ್ಟಿತ್ತು. ಮದ್ದು ಹಚ್ಚದವರೂ, ಮದ್ದು ಸಿಗದಷ್ಟು ಹಳೆಯ ವ್ಯವಸ್ಥೆಯಲ್ಲಿದ್ದವರೂ ಸಿಕ್ಕಿಬಿದ್ದರು. ಕಾಲಕಾಲಕ್ಕೆ ದುರಸ್ತಿ ದೊರೆಯದ ವ್ಯವಸ್ಥೆ ಎಷ್ಟು ಹೆಸರಾಂತದ್ದಾದರೂ ಸೋರುವ ಸೂರು. 2021ರಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಿಚಾರ ಬಯಲಾದಾಗ, ಐಫೋನ್ ಆಗಲಿ ಆಂಡ್ರಾಯ್ಡ್ ಆಗಲಿ ಅಭೇದ್ಯವಲ್ಲವೆಂಬುದು ತಿಳಿಯಿತು. 2024ರ ಮಾರ್ಚಿಯಲ್ಲಿ ಮುಕ್ತ ಪಂಥಕ್ಕೂ ಒಂದು ಪರೀಕ್ಷೆ ಬಂತು. ಸುಳ್ಳು ಹೆಸರಿನ ಸ್ವಯಂಸೇವಕನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ವಿಶ್ವಾಸ ಗಳಿಸಿ, ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಒಂದು ಸಣ್ಣ ಉಪಕರಣದೊಳಗೆ ಕಳ್ಳಬಾಗಿಲು ಸೇರಿಸಿದ್ದ. ಯಂತ್ರ ಅರ್ಧ ಸೆಕೆಂಡು ತಡಮಾಡುತ್ತಿರುವುದೇಕೆ ಎಂದು ಆಂದ್ರೇಸ್ ಫ್ರಾಯಿಂಡ್ ಎಂಬ ಇಂಜಿನಿಯರು ಕುತೂಹಲಪಟ್ಟು ಕೆದಕಿದ್ದರಿಂದ ಅದು ಬಹುಪಾಲು ಯಂತ್ರಗಳನ್ನು ತಲಪುವ ಮೊದಲೇ ಸಿಕ್ಕಿಬಿತ್ತು. ಪುಸ್ತಕ ತೆರೆದಿದ್ದರೆ ಸಾಲದು, ಓದುವವರಿರಬೇಕು. ಆದರೆ ಪುಸ್ತಕ ತೆರೆದಿದ್ದುದರಿಂದಲೇ ಒಬ್ಬನಾದರೂ ಓದಲು ಸಾಧ್ಯವಾಯಿತು.

ಸ್ವದೇಶಿಯಾದರೆ ಈ ಚಿಂತೆಯಿಲ್ಲವೆ ಎಂದು ಕೇಳುವವರುಂಟು. ನಮ್ಮ ಸಿಡ್ಯಾಕ್ ಸಂಸ್ಥೆ ಡೆಬಿಯನ್ ಲಿನಕ್ಸಿನ ಮೇಲೆ ಕಟ್ಟಿದ ಬಾಸ್ ವ್ಯವಸ್ಥೆ 2007ರಿಂದ ಇದೆ. ಅದರಲ್ಲಿ ಕನ್ನಡಕ್ಕೂ ಸ್ಥಾನವಿದೆ. 2023ರಲ್ಲಿ ಮದರಾಸಿನ ಐಐಟಿಯ ಆಶ್ರಯದಲ್ಲಿ ಭರ್‌ಓಎಸ್ ಎಂಬ ಮೊಬೈಲ್ ವ್ಯವಸ್ಥೆ ಹೊರಬಂತು. ಅದೇ ವರ್ಷ ರಕ್ಷಣಾ ಸಚಿವಾಲಯ ತನ್ನ ಯಂತ್ರಗಳಿಗೆ ಮಾಯಾ ಎಂಬ ವ್ಯವಸ್ಥೆಯನ್ನು ಅಳವಡಿಸತೊಡಗಿತು. ಈ ಪ್ರಯತ್ನಗಳಿಗೆ ಗೌರವ ಸಲ್ಲಬೇಕು. ಆದರೆ ಶಾನುಭೋಗ ನಮ್ಮೂರಿನವನೇ ಆಗಿದ್ದ ಎಂಬುದನ್ನು ಮರೆಯಬಾರದು. ಊರಿನವನಾದುದು ಒಂದು ಗುಣ. ಲೆಕ್ಕ ಒಪ್ಪಿಸುವುದು ಇನ್ನೊಂದು ಗುಣ. ಎರಡನೆಯದನ್ನು ಪರದೇಶಿಯಿಂದ ಕೇಳುವಂತೆಯೇ ಸ್ವದೇಶಿಯಿಂದಲೂ ಕೇಳಬೇಕು.

ಹಾಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ದುರಸ್ತಿ ಎಷ್ಟು ವರ್ಷ ಬರುತ್ತದೆ? ಒಳಬರೆಹವನ್ನು ಹೊರಗಿನವರು ಓದಬಹುದೆ? ತಯಾರಿಸಿದವನ ಹೊಟ್ಟೆಪಾಡು ಯಂತ್ರ ಮಾರುವುದರಿಂದಲೋ ನಮ್ಮ ವಿಚಾರ ಮಾರುವುದರಿಂದಲೋ? ಯಂತ್ರ ಕಳೆದುಹೋದರೆ ಸಿಕ್ಕಿದವನಿಗೆ ಕಡತ ತೆರೆಯದಂತೆ ಬೀಗವಿದೆಯೆ? ಈ ಪ್ರಶ್ನೆಗಳಿಟ್ಟು ನೋಡಿದರೆ ಯಾವ ವ್ಯವಸ್ಥೆಗೂ ನಾಲ್ಕಕ್ಕೆ ನಾಲ್ಕು ಅಂಕ ಬರುವುದಿಲ್ಲ. ಐಫೋನಿಗೆ ದುರಸ್ತಿ ಬಹುಕಾಲ ಬರುತ್ತದೆ, ಬೀಗ ಬಲವಾಗಿದೆ. ಪುಸ್ತಕ ಮಾತ್ರ ಮುಚ್ಚಿದೆ. ಆಂಡ್ರಾಯ್ಡಿನಲ್ಲಿ ಪಿಕ್ಸೆಲ್ ಮತ್ತು ಸ್ಯಾಮ್‌ಸಂಗ್ ಕಂಪನಿಯ ಮೇಲ್ದರ್ಜೆಯ ಹೊಸ ಮೊಬೈಲುಗಳಿಗೆ 7 ವರ್ಷ ದುರಸ್ತಿಯ ಭರವಸೆಯಿದೆ. ಅಗ್ಗದವುಗಳಿಗೆ ಈ ಅವಧಿ ಬಹಳ ಕಡಿಮೆ ಇರುವುದುಂಟು. ಗ್ರಾಫೀನ್ ಓಎಸ್ ಎಂಬುದು ಆಂಡ್ರಾಯ್ಡಿನ ಮುಕ್ತ ಭಾಗವನ್ನು ಮಾತ್ರ ತೆಗೆದುಕೊಂಡು, ಬೀಗಗಳನ್ನು ಬಲಪಡಿಸಿ, ಗೂಗಲ್ಲಿನ ಸೇವೆಗಳಿಗೆ ವಿಶೇಷಾಧಿಕಾರ ಕೊಡದೆ ಕಟ್ಟಿದ್ದು. ಗೂಗಲ್ಲನ್ನು ದೂರವಿಡುವ ಈ ವ್ಯವಸ್ಥೆ ಬೆಳೆದದ್ದು ಗೂಗಲ್ಲೇ ಮಾರುವ ಪಿಕ್ಸೆಲ್ ಮೊಬೈಲಿನ ಮೇಲೆ ಎಂಬುದು ಈ ಕಾಲದ ವಿನೋದ. ಕೆಲವು ಬ್ಯಾಂಕುಗಳ ಆ್ಯಪುಗಳು ಅದರಲ್ಲಿ ತೆರೆಯಲು ಒಪ್ಪದಿರಬಹುದು. ಕೊಳ್ಳುವ ಮೊದಲು ವಿಚಾರಿಸಿಕೊಳ್ಳುವುದು ಮೇಲು.

ಗಣಕಯಂತ್ರದ ಮಾತಾದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಾಮಾನ್ಯ ದುರಸ್ತಿ ನಿಂತಿತು. ಹೊಸ ವಿಂಡೋಸನ್ನು ಹೊರಲಾರದೆ ಮನೆಯ ಮೂಲೆ ಸೇರಿರುವ ಎಷ್ಟೋ ಯಂತ್ರಗಳು ಉಬುಂಟು, ಮಿಂಟ್, ಡೆಬಿಯನ್ ಮೊದಲಾದ ಲಿನಕ್ಸ್ ಬಗೆಗಳಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಕನ್ನಡ ಬರೆಯುವವರು ಹೆದರಬೇಕಾಗಿಲ್ಲ. ನಮಗೆ ರೂಢಿಯಾಗಿರುವ ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಇನ್ನೂ ಎಚ್ಚರ ಬೇಕಾದವರಿಗೆ ಕ್ಯೂಬ್ಸ್ ಎಂಬ ವ್ಯವಸ್ಥೆಯುಂಟು. ಅದು ಒಂದೇ ಯಂತ್ರದಲ್ಲಿ ಬ್ಯಾಂಕಿನ ಕೆಲಸಕ್ಕೊಂದು, ಪತ್ರವ್ಯವಹಾರಕ್ಕೊಂದು, ಅಲೆದಾಟಕ್ಕೊಂದು ಕೋಣೆ ಮಾಡಿ, ಒಂದಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹರಡದಂತೆ ನಡುಗೋಡೆ ಎಬ್ಬಿಸುತ್ತದೆ. ಇದಕ್ಕೆ ಬಲವಾದ ಯಂತ್ರವೂ ತಾಳ್ಮೆಯೂ ಬೇಕು. ಪಿಂಚಣಿದಾರರಿಗೆ ನಾನು ಅದನ್ನು ಹೇಳಲಾರೆ. ಕಳ್ಳನ ಭಯ ಯಾರಿಗೆ ಎಷ್ಟಿದೆಯೋ ಅವರಿಗೆ ಅಷ್ಟು ಬಲದ ಬೀಗ ಸಾಕು. ತನಗೆ ಸುಳಿವು ಕೊಟ್ಟವರನ್ನು ಕಾಪಾಡಬೇಕಾದ ಪತ್ರಕರ್ತನ ಅಗತ್ಯ ಬೇರೆ, ಮೊಮ್ಮಗಳ ಚಿತ್ರ ನೋಡುವ ಅಜ್ಜಿಯ ಅಗತ್ಯ ಬೇರೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ: ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ? ತೆರೆದ ಬದುಕು ಒಳ್ಳೆಯ ಗುಣವೇ. ಆದರೆ ತೆರೆಯುವವರು ನಾವಾಗಿರಬೇಕು. ಗೌಪ್ಯವೆಂದರೆ ಕಳ್ಳತನವಲ್ಲ, ಯಾರಿಗೆ ಯಾವುದನ್ನು ಯಾವಾಗ ಹೇಳಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ. ಅಲ್ಲದೆ ನನ್ನ ಮೊಬೈಲಿನಲ್ಲಿರುವುದು ನನ್ನೊಬ್ಬನ ವಿಚಾರವಲ್ಲ. ನನ್ನನ್ನು ನಂಬಿ ಸಂಖ್ಯೆ ಕೊಟ್ಟವರು, ಪತ್ರ ಬರೆದವರು, ಕಷ್ಟ ಹೇಳಿಕೊಂಡವರು ಎಲ್ಲರೂ ಆ ಕಡತದಲ್ಲಿದ್ದಾರೆ. ನನ್ನ ಉದಾಸೀನದ ದಂಡವನ್ನು ಅವರು ತೆರಬೇಕಾದೀತು.

1983ರಲ್ಲಿ ಯುನಿಕ್ಸಿನ ಜನಕ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಬರೆಹವನ್ನು ಯಂತ್ರಭಾಷೆಗೆ ತಿರುಗಿಸುವ ಉಪಕರಣದಲ್ಲೇ ಮೋಸವಿದ್ದರೆ, ಮೂಲಬರೆಹವನ್ನು ಸಾಲು ಸಾಲಾಗಿ ಓದಿದರೂ ಅದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕೊನೆಗೆ ನಾವು ನಂಬುವುದು ಬರೆದ ಮನುಷ್ಯರನ್ನೇ ಎಂಬುದು ಅದರ ಸಾರಾಂಶ. ನಂಬಿಕೆಯಿಲ್ಲದೆ ಯಾವ ಊರೂ ನಡೆಯುವುದಿಲ್ಲ. ಆದರೆ ಲೆಕ್ಕ ಕೇಳುವ ಊರಿನಲ್ಲಿ ನಂಬಿಕೆಗೆ ಬೆಲೆಯಿರುತ್ತದೆ. ಇಂದು ರಾತ್ರಿ ಮೊಬೈಲನ್ನು ಕೆಳಗಿಡುವ ಮೊದಲು ಅದರ ಸೆಟ್ಟಿಂಗ್ಸಿನಲ್ಲಿ ಕೊನೆಯ ದುರಸ್ತಿ ಬಂದ ತಾರೀಖು ಯಾವುದೆಂದು ನೋಡಿರಿ. ಅದು ಒಂದು ವರ್ಷದ ಹಿಂದಿನದಾಗಿದ್ದರೆ, ನಿಮ್ಮ ಕಡತವನ್ನು ಕಾಯುತ್ತಿದ್ದವನು ಆಗಲೇ ಕೆಲಸ ಬಿಟ್ಟು ಹೋಗಿರಬಹುದು. ಬೇರೊಬ್ಬನನ್ನು ನೇಮಿಸಿಕೊಳ್ಳುವ ಅಧಿಕಾರ ಇನ್ನೂ ನಿಮ್ಮ ಕೈಯಲ್ಲೇ ಇದೆ.